ಬೆಳಗ್ಗೆ ಒಂಬತ್ತರ ಲಾಗಿನ್: ವರ್ಚುವಲ್ ಡೆಸ್ಕ್‌ಟಾಪ್ ಎಲ್ಲಿ ತಡೆಯುತ್ತದೆ?

ಪ್ರಶ್ನೆ: ನಾನು ಮಂಡ್ಯದ ಒಂದು ಖಾಸಗಿ ಕಾಲೇಜಿನಲ್ಲಿ ಸಿಸ್ಟಮ್ ಅಡ್ಮಿನ್. ನಮ್ಮಲ್ಲಿ ಹಾರೈಜನ್ ಎಂಬ ಸಾಫ್ಟ್‌ವೇರ್ ಮೇಲೆ ಸುಮಾರು 150 ವರ್ಚುವಲ್ ಡೆಸ್ಕ್‌ಟಾಪ್‌ಗಳಿವೆ, ಅಂದರೆ ಸರ್ವರ್‌ನಲ್ಲಿ ಓಡಿ ಪರದೆ ಮಾತ್ರ ಲ್ಯಾಬಿಗೆ ಬರುವ ಕಂಪ್ಯೂಟರ್‌ಗಳು. ಮೂರು ಹೋಸ್ಟ್ (ಇವನ್ನು ಓಡಿಸುವ ಸರ್ವರ್), ಒಂದು ಸ್ಟೋರೇಜ್, ಇನ್‌ಸ್ಟಂಟ್ ಕ್ಲೋನ್ ಪೂಲ್‌ಗಳು (ಒಂದೇ ಮೂಲ ಇಮೇಜಿನಿಂದ ನಕಲಾಗುವ ಡೆಸ್ಕ್‌ಟಾಪ್‌ಗಳ ಗುಂಪುಗಳು), ಪ್ರೊಫೈಲ್‌ಗೆ, ಅಂದರೆ ಒಬ್ಬೊಬ್ಬರ ಸೆಟ್ಟಿಂಗ್ ಮತ್ತು ಫೈಲ್‌ಗಳಿಗೆ, ಎಫ್‌ಎಸ್‌ಲಾಜಿಕ್ಸ್. ಬೆಳಗ್ಗೆ 9ಕ್ಕೆ ಲ್ಯಾಬ್ ಶುರುವಾದಾಗ ಲಾಗಿನ್ ಆಗಲು ನಾಲ್ಕೈದು ನಿಮಿಷ ಬೇಕು. ಕೆಲವರಿಗೆ ಬರೀ ಕಪ್ಪು ಪರದೆ, ಕೆಲವರಿಗೆ ಟೆಂಪರರಿ ಪ್ರೊಫೈಲ್ (ಲಾಗಾಫ್ ಆದರೆ ಅಳಿಸಿಹೋಗುವಂಥದ್ದು). ಮಧ್ಯಾಹ್ನ ಎಲ್ಲ ಸರಿಯಾಗಿರುತ್ತದೆ. ಕರೆಂಟ್ ಹೋಗಿ ಬಂದರೆ ಒಂದಷ್ಟು ಡೆಸ್ಕ್‌ಟಾಪ್‌ಗಳು 'ಏಜೆಂಟ್ ಅನ್‌ರೀಚಬಲ್' ಎಂದು ತೋರಿಸುತ್ತವೆ. ಆಫೀಸಿನವರು ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ' ಮಾಯವಾಗುತ್ತದೆ ಎನ್ನುತ್ತಾರೆ. ಮ್ಯಾನೇಜ್‌ಮೆಂಟ್ ಹೊಸ ಸರ್ವರ್ ತರಿಸಲು ಹೊರಟಿದೆ. ನಾನು ಎಲ್ಲಿಂದ ಶುರು ಮಾಡಲಿ?

ಉತ್ತರ: ಸರ್ವರ್ ಖರೀದಿಯ ಫೈಲಿಗೆ ಇನ್ನೊಂದು ವಾರ ಸಹಿ ಬೀಳದಂತೆ ನೋಡಿಕೊಳ್ಳಿ. ನಿಮ್ಮ ಪ್ರಶ್ನೆಯಲ್ಲೇ ಒಳ್ಳೆಯ ಸುಳಿವಿದೆ. ಮಧ್ಯಾಹ್ನ ಎಲ್ಲ ಸರಿಯಾಗಿರುತ್ತದೆ ಎಂದಿದ್ದೀರಿ. ಆಗಲೂ ಅದೇ ಇಮೇಜ್, ಅದೇ ಹೋಸ್ಟ್, ಅದೇ ವಿದ್ಯಾರ್ಥಿಗಳು. ಬೆಳಗ್ಗೆ ಮಾತ್ರ ಎಲ್ಲರೂ ಒಟ್ಟಿಗೆ ಬರುತ್ತಾರೆ. ಅಂದರೆ ತೊಂದರೆ ಇರುವುದು ಎಲ್ಲರೂ ಹಂಚಿಕೊಳ್ಳುವ ಜಾಗದಲ್ಲಿ. ಅದು ಸ್ಟೋರೇಜ್ ಇರಬಹುದು, ಪ್ರೊಫೈಲ್ ಇಟ್ಟಿರುವ ಫೈಲ್ ಸರ್ವರ್ ಇರಬಹುದು, ಡೊಮೇನ್ ಕಂಟ್ರೋಲರ್ (ಲಾಗಿನ್ ಪರಿಶೀಲಿಸುವ ಸರ್ವರ್) ಇರಬಹುದು, ಸಿಪಿಯು ಕೂಡ ಇರಬಹುದು. ಯಾವುದು ಅಂತ ಅಳೆದು ತಿಳಿದುಕೊಂಡ ಮೇಲೆ ದುಡ್ಡು ಖರ್ಚು ಮಾಡಿದರೆ ಸಾಕು.

ಹಾಗಾಗಿ ಮೊದಲು ಸಾಕ್ಷಿ ಉಳಿಸಿಕೊಳ್ಳುವ ಏರ್ಪಾಡು ಮಾಡಿ. ರಿಪೇರಿ ಆಮೇಲೆ. ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಮಾಮೂಲಿ ಪಿಸಿಯಲ್ಲಿ ತೊಂದರೆಯಾದರೆ ಸಂಜೆ ಹೋಗಿ ಈವೆಂಟ್ ಲಾಗ್ ತೆರೆದು ನೋಡಬಹುದು. ಇನ್‌ಸ್ಟಂಟ್ ಕ್ಲೋನ್‌ನಲ್ಲಿ ಹಾಗಲ್ಲ. ವಿದ್ಯಾರ್ಥಿ ಲಾಗಾಫ್ ಆದ ಕೂಡಲೇ ಆ ಯಂತ್ರ ಅಳಿಸಿಹೋಗಿ ಹೊಸದು ಬರುತ್ತದೆ. ಲಾಗ್ ಕೂಡ ಅದರ ಜೊತೆಗೇ ಹೋಯಿತು. ನೀವು ಲ್ಯಾಬಿಗೆ ಬರುವಷ್ಟರಲ್ಲಿ ಅಟೆಂಡರ್ ರೀಸ್ಟಾರ್ಟ್ ಕೊಟ್ಟಿದ್ದರೆ ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ವರ್ಚುವಲ್ ಡೆಸ್ಕ್‌ಟಾಪ್‌ನ ತೊಂದರೆಗಳು ತಿಂಗಳುಗಟ್ಟಲೆ ಬಗೆಹರಿಯದೆ ಎಳೆಯುವುದು ಬಹುಮಟ್ಟಿಗೆ ಇದೇ ಕಾರಣಕ್ಕೆ.

ಎರಡು ವ್ಯವಸ್ಥೆ ಸಾಕು. ಒಂದು, ವಿಂಡೋಸ್‌ನಲ್ಲೇ ಇರುವ ಈವೆಂಟ್ ಫಾರ್ವರ್ಡಿಂಗ್. ಒಂದು ಸರ್ವರನ್ನು ಕಲೆಕ್ಟರ್ ಮಾಡಿ, ಗ್ರೂಪ್ ಪಾಲಿಸಿಯಿಂದ (ಎಲ್ಲ ಯಂತ್ರಗಳಿಗೂ ಒಂದೇ ಕಡೆಯಿಂದ ಸೆಟ್ಟಿಂಗ್ ಕೊಡುವ ವಿಂಡೋಸ್ ವ್ಯವಸ್ಥೆ) ಎಲ್ಲ ಡೆಸ್ಕ್‌ಟಾಪ್‌ಗಳ ಮುಖ್ಯ ಲಾಗ್‌ಗಳು ಅಲ್ಲಿಗೆ ಹೋಗುವಂತೆ ಮಾಡಿ. ಇದಕ್ಕೆ ಬೇರೆ ದುಡ್ಡು ಬೇಕಿಲ್ಲ. ಇನ್ನೊಂದು, ಎಫ್‌ಎಸ್‌ಲಾಜಿಕ್ಸ್‌ನ ಲಾಗ್. ಅದು ಸುಮ್ನೆ ಬಿಟ್ಟರೆ ಆ ಯಂತ್ರದ ಪ್ರೋಗ್ರಾಂಡೇಟಾ ಫೋಲ್ಡರಿನ ಒಳಗೇ ಬರೆದುಕೊಳ್ಳುತ್ತದೆ. ರಿಜಿಸ್ಟ್ರಿಯಲ್ಲಿ ಲಾಗ್‌ಡಿರ್ ಎಂಬ ಮೌಲ್ಯಕ್ಕೆ ಒಂದು ನೆಟ್‌ವರ್ಕ್ ಶೇರ್ ವಿಳಾಸ ಕೊಟ್ಟರೆ ಅಲ್ಲಿ ಬರೆಯುತ್ತದೆ. ಜೊತೆಗೆ ಲ್ಯಾಬ್ ಅಟೆಂಡರ್ ಹತ್ತಿರ ಒಂದು ರಿಜಿಸ್ಟರ್ ಇಡಿಸಿ: ಸಮಯ, ವಿದ್ಯಾರ್ಥಿಯ ಲಾಗಿನ್ ಹೆಸರು, ಡೆಸ್ಕ್‌ಟಾಪ್ ಹೆಸರು, ಪರದೆಯ ಫೋಟೋ. 'ಸಿಸ್ಟಮ್ ಸ್ಲೋ' ಎಂದು ಬರೆದರೆ ಪ್ರಯೋಜನವಿಲ್ಲ. '9.07ಕ್ಕೆ ಪಾಸ್‌ವರ್ಡ್ ಕೊಟ್ಟೆ, 9.11ಕ್ಕೆ ಐಕಾನ್ ಬಂತು' ಎಂದಿದ್ದರೆ ಅದನ್ನು ಲಾಗ್ ಜೊತೆ ಹೊಂದಿಸಿ ನೋಡಬಹುದು.

ಆ ರಿಜಿಸ್ಟರ್ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಇಷ್ಟೇ. ಒಬ್ಬರಿಗೇ ಯಾವ ಡೆಸ್ಕ್‌ಟಾಪ್‌ನಲ್ಲೂ ತೊಂದರೆಯೇ? ಹಾಗಾದರೆ ಪ್ರೊಫೈಲ್ ನೋಡಿ. ಒಂದೇ ಡೆಸ್ಕ್‌ಟಾಪ್‌ನಲ್ಲಿ ಯಾರು ಕೂತರೂ ತೊಂದರೆಯೇ? ಆ ಯಂತ್ರ ಅಥವಾ ಅದು ಕೂತಿರುವ ಹೋಸ್ಟ್ ನೋಡಿ. ಒಂದು ಲ್ಯಾಬಿಗೆ ಮಾತ್ರವೇ? ಆ ಲ್ಯಾಬಿನ ಸ್ವಿಚ್ ಅಥವಾ ಆ ಪೂಲ್. ಎಲ್ಲರಿಗೂ ಒಂದೇ ಹೊತ್ತಿಗೇ? ಆಗ ಹಂಚಿಕೊಂಡ ಜಾಗ. ನಾಲೆಯ ಕೊನೆ ಭಾಗದ ಗದ್ದೆಗೆ ನೀರು ಬರದಿದ್ದರೆ ಮಂಡ್ಯದ ರೈತರು ಗದ್ದೆ ಅಗೆಯುತ್ತಾ ಕೂರುವುದಿಲ್ಲ. ಏರಿ ಮೇಲೆ ನಡೆದುಕೊಂಡು ಹೋಗಿ ಯಾವ ತೂಬಿನಲ್ಲಿ ನೀರು ನಿಂತಿದೆ ಎಂದು ನೋಡುತ್ತಾರೆ. ಲಾಗಿನ್ ಕೂಡ ಹಾಗೇ, ಹೆಜ್ಜೆ ಹೆಜ್ಜೆಯಾಗಿ ನೋಡಬೇಕು. ಹಾರೈಜನ್‌ನ ಕನೆಕ್ಷನ್ ಸರ್ವರ್ ಒಂದು ಯಂತ್ರ ಆರಿಸಿಕೊಡುತ್ತದೆ. ಪರದೆಯ ಪ್ರೊಟೋಕಾಲ್ ಜೋಡಣೆಯಾಗುತ್ತದೆ. ಪ್ರೊಫೈಲ್ ಡಿಸ್ಕ್ ಅಂಟಿಕೊಳ್ಳುತ್ತದೆ. ಗ್ರೂಪ್ ಪಾಲಿಸಿ ಓಡುತ್ತದೆ. ಕೊನೆಗೆ ಐಕಾನ್‌ಗಳು ಬರುತ್ತವೆ. ನಾಲ್ಕು ನಿಮಿಷ ಇದರಲ್ಲಿ ಎಲ್ಲಿ ಹೋಯಿತು?

ಗ್ರೂಪ್ ಪಾಲಿಸಿಯಿಂದ ಶುರು ಮಾಡಿ, ಅಲ್ಲಿ ಲೆಕ್ಕ ಸಿಗುವುದು ಸುಲಭ. ಈವೆಂಟ್ ವ್ಯೂವರ್‌ನಲ್ಲಿ ಗ್ರೂಪ್‌ಪಾಲಿಸಿಯ ಆಪರೇಷನಲ್ ಲಾಗ್ ತೆರೆಯಿರಿ. 8001 ಸಂಖ್ಯೆಯ ಈವೆಂಟ್‌ನಲ್ಲಿ ಆ ಬಳಕೆದಾರರ ಪಾಲಿಸಿ ಮುಗಿಯಲು ಎಷ್ಟು ಸೆಕೆಂಡ್ ಬೇಕಾಯಿತು ಎಂದು ಬರೆದಿರುತ್ತದೆ. 5016 ಸಂಖ್ಯೆಯವು ಒಂದೊಂದು ಭಾಗಕ್ಕೆ ಎಷ್ಟು ಮಿಲಿಸೆಕೆಂಡ್ ಎಂದು ಹೇಳುತ್ತವೆ. ಡ್ರೈವ್ ಮ್ಯಾಪ್, ಪ್ರಿಂಟರ್, ಫೋಲ್ಡರ್ ರೀಡೈರೆಕ್ಷನ್, ಸ್ಕ್ರಿಪ್ಟ್ ಎಲ್ಲ ಬೇರೆಬೇರೆಯಾಗಿ ಕಾಣುತ್ತದೆ. ಕಾಲೇಜುಗಳಲ್ಲಿ ನಾನು ಮೊದಲು ಅನುಮಾನಿಸುವುದು ಪ್ರಿಂಟರನ್ನು. ಪ್ರಿಂಟರ್ ಪ್ರಿಫರೆನ್ಸ್‌ನಲ್ಲಿ 'ರಿಪ್ಲೇಸ್' ಇಟ್ಟಿದ್ದರೆ ಪ್ರತಿ ಲಾಗಿನ್‌ಗೂ ಅಳಿಸಿ ಮತ್ತೆ ಹಾಕುತ್ತದೆ. ಅದನ್ನು 'ಅಪ್‌ಡೇಟ್' ಮಾಡಿ. ಎಂದೋ ತೆಗೆದು ಹಾಕಿದ ಪ್ರಿಂಟ್ ಸರ್ವರಿನ ಹೆಸರು ಪಾಲಿಸಿಯಲ್ಲಿ ಉಳಿದಿದ್ದರೆ ಅದನ್ನು ಹುಡುಕುತ್ತಾ ಎಲ್ಲರೂ ಕಾಯಬೇಕಾಗುತ್ತದೆ. ಅಂಥವನ್ನು ಕಿತ್ತು ಹಾಕಿ.

ಇಲ್ಲಿ ಒಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ವಿಂಡೋಸ್ 8.1ರಿಂದ ಈಚೆಗೆ ಗ್ರೂಪ್ ಪಾಲಿಸಿಯ ಲಾಗಿನ್ ಸ್ಕ್ರಿಪ್ಟ್‌ಗಳು ಲಾಗಿನ್ ಆಗಿ ಐದು ನಿಮಿಷವಾದ ಮೇಲೆ ಓಡುತ್ತವೆ. ಅದು ದೋಷವಲ್ಲ, ಮೈಕ್ರೋಸಾಫ್ಟ್ ಇಟ್ಟಿರುವ ಡೀಫಾಲ್ಟ್. ಹಾಗಾಗಿ 'ಡೆಸ್ಕ್‌ಟಾಪ್ ಬಂತು, ಆದರೆ ಡ್ರೈವ್ ಐದು ನಿಮಿಷಕ್ಕೆ ಬಂತು' ಎಂದು ಯಾರಾದರೂ ಬರೆದಿದ್ದರೆ ನೆಟ್‌ವರ್ಕ್ ಬೆನ್ನು ಹತ್ತಬೇಡಿ. 'ಕಾನ್ಫಿಗರ್ ಲಾಗಾನ್ ಸ್ಕ್ರಿಪ್ಟ್ ಡಿಲೇ' ಎಂಬ ಪಾಲಿಸಿಯನ್ನು ಡಿಸೇಬಲ್ ಮಾಡಿದರೆ ತಡ ಇರುವುದಿಲ್ಲ.

ಪಾಲಿಸಿಯಲ್ಲಿ ಹತ್ತಿಪ್ಪತ್ತು ಸೆಕೆಂಡ್ ಮಾತ್ರ ಕಂಡರೆ ಸ್ಟೋರೇಜ್ ಕಡೆ ಹೋಗಿ. ಬೆಳಗ್ಗೆ 8.50ರಿಂದ 9.30ರವರೆಗೆ ಪ್ರತಿ ಹೋಸ್ಟ್‌ನಲ್ಲೂ ಇಎಸ್‌ಎಕ್ಸ್‌ಟಾಪ್ ಎಂಬ ಅಳತೆಯ ಕಮಾಂಡ್ ಓಡಿಸಿ ಬ್ಯಾಚ್ ಮೋಡ್‌ನಲ್ಲಿ ಫೈಲಿಗೆ ಬರೆಸಿಕೊಳ್ಳಿ. ಅಲ್ಲಿ ಎರಡು ಅಂಕಿ ಮುಖ್ಯ. ಡಿಎವಿಜಿ ಎನ್ನುವುದು ಸ್ಟೋರೇಜ್ ಉತ್ತರ ಕೊಡಲು ತೆಗೆದುಕೊಂಡ ಹೊತ್ತು. ಅದು 20-25 ಮಿಲಿಸೆಕೆಂಡ್ ದಾಟಿ ಅಲ್ಲೇ ನಿಂತರೆ ಸ್ಟೋರೇಜ್ ಸುಸ್ತಾಗಿದೆ. ಕೆಎವಿಜಿ ಎನ್ನುವುದು ಹೋಸ್ಟಿನ ಒಳಗೇ ಕಳೆದ ಹೊತ್ತು. ಅದು 2 ಮಿಲಿಸೆಕೆಂಡ್‌ಗಿಂತ ಜಾಸ್ತಿ ಇದ್ದರೆ ಕೆಲಸಗಳು ಹೋಸ್ಟ್‌ನ ಕ್ಯೂನಲ್ಲೇ ನಿಂತಿವೆ. ಮಧ್ಯಾಹ್ನದ ಅಂಕಿಯನ್ನೂ ಪಕ್ಕದಲ್ಲಿ ಇಡಿ. ಬೆಳಗ್ಗೆ 40, ಮಧ್ಯಾಹ್ನ 3 ಎಂದು ಬಂದರೆ ಮ್ಯಾನೇಜ್‌ಮೆಂಟ್ ಮುಂದೆ ಬೇರೆ ಮಾತೇ ಬೇಡ.

ಸಿಪಿಯು ನೋಡುವಾಗ ಬಳಕೆಯ ಶೇಕಡಾವಾರು ನೋಡಿ ಸುಮ್ಮನಾಗಬೇಡಿ. ಹೋಸ್ಟ್‌ಗಳನ್ನೆಲ್ಲ ನಿರ್ವಹಿಸುವ ವಿಸೆಂಟರ್‌ನಲ್ಲಿ ಸಿಪಿಯು ರೆಡಿ ನೋಡಿ. ವರ್ಚುವಲ್ ಯಂತ್ರ ಕೆಲಸಕ್ಕೆ ಸಿದ್ಧವಿದ್ದೂ ನಿಜವಾದ ಸಿಪಿಯು ಸಿಗದೆ ಕಾದ ಹೊತ್ತು ಅದು. ರಿಯಲ್ ಟೈಮ್ ಚಾರ್ಟ್ 20 ಸೆಕೆಂಡಿಗೊಮ್ಮೆ ಅಳೆಯುತ್ತದೆ. ಹಾಗಾಗಿ ಒಂದು ವಿಸಿಪಿಯುಗೆ (ವರ್ಚುವಲ್ ಸಿಪಿಯು) 1000 ಮಿಲಿಸೆಕೆಂಡ್ ಎಂದರೆ ಶೇ. 5. ಅಲ್ಲಿವರೆಗೆ ತಡೆದುಕೊಳ್ಳಬಹುದು. ಶೇ. 10ಕ್ಕೆ ಬಂದರೆ ಮೌಸ್ ಎಳೆದಾಡುವುದು ಕಣ್ಣಿಗೇ ಗೊತ್ತಾಗುತ್ತದೆ. ಇಲ್ಲಿ ಜನ ಮಾಡುವುದು ಉಲ್ಟಾ. ಡೆಸ್ಕ್‌ಟಾಪ್ ನಿಧಾನ ಎಂದು 2 ವಿಸಿಪಿಯು ಇದ್ದದ್ದನ್ನು 4 ಮಾಡುತ್ತಾರೆ. ಸಿಪಿಯು ಮೊದಲೇ ಸಾಲದಿರುವ ಹೋಸ್ಟ್‌ನಲ್ಲಿ ಇದರಿಂದ ಕಾಯುವ ಹೊತ್ತು ಇನ್ನೂ ಬೆಳೆಯುತ್ತದೆ. ಮಾಮೂಲಿ ಪ್ರೋಗ್ರಾಮಿಂಗ್ ಲ್ಯಾಬಿಗೆ 2 ಸಾಕು. ಮೆಮೊರಿಯ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ಈಗಿನ ಬ್ರೌಸರ್‌ಗಳಿಗೆ 4 ಜಿಬಿ ಸಾಲುವುದಿಲ್ಲ. ಹೋಸ್ಟ್‌ನಲ್ಲಿ ಬಲೂನಿಂಗ್ ಅಥವಾ ಸ್ವಾಪ್ (ಮೆಮೊರಿ ಸಾಲದಿರುವ ಗುರುತುಗಳು) ಕಂಡರೆ ಅದನ್ನು ಆ ವಾರವೇ ಸರಿಮಾಡಬೇಕು.

ಕಾಲೇಜಿಗೆ ಮಾತ್ರ ಇರುವ ಇನ್ನೊಂದು ಒತ್ತಡ ಬ್ಯಾಚ್ ಬದಲಾಗುವ ಹೊತ್ತಿನದು. 11ಕ್ಕೆ ಮೊದಲ ಬ್ಯಾಚಿನ ಅರವತ್ತು ಜನ ಒಟ್ಟಿಗೆ ಲಾಗಾಫ್ ಆಗುತ್ತಾರೆ. ಅರವತ್ತು ಕ್ಲೋನ್ ಅಳಿಸಿ ಅರವತ್ತು ಹೊಸದು ಮಾಡಬೇಕು. ಅದೇ ನಿಮಿಷದಲ್ಲಿ ಎರಡನೇ ಬ್ಯಾಚ್ ಬಂದು ಕೂತು ಪಾಸ್‌ವರ್ಡ್ ಕೊಡುತ್ತದೆ. ಪೂಲ್ ಸೆಟ್ಟಿಂಗ್‌ನಲ್ಲಿ ಆನ್ ಆಗಿ ಕಾದಿರುವ ಹೆಚ್ಚುವರಿ ಯಂತ್ರಗಳ ಸಂಖ್ಯೆ ಒಂದೋ ಎರಡೋ ಇದ್ದರೆ ಉಳಿದವರೆಲ್ಲ ಕಾಯಲೇಬೇಕು. ಆ ಸಂಖ್ಯೆಯನ್ನು ಕನಿಷ್ಠ ಒಂದು ಬ್ಯಾಚಿನಷ್ಟು ಮಾಡಿ. ಹೋಸ್ಟ್‌ನಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಲ್ಯಾಬ್ ಇನ್‌ಚಾರ್ಜ್ ಹತ್ತಿರ ಮಾತಾಡಿ. ಮೊದಲ ಬ್ಯಾಚ್ ಹತ್ತು ನಿಮಿಷ ಮೊದಲು ಲಾಗಾಫ್ ಆದರೆ ಯಾವ ಖರ್ಚೂ ಇಲ್ಲದೆ ಅರ್ಧ ತೊಂದರೆ ಹೋಗುತ್ತದೆ. ಬೆಳಗ್ಗೆಯೂ ಅಷ್ಟೇ. ಕರೆಂಟ್ ಉಳಿಸಲೆಂದು ರಾತ್ರಿ ಡೆಸ್ಕ್‌ಟಾಪ್‌ಗಳನ್ನು ಆರಿಸುವ ರೂಢಿ ಇದ್ದರೆ, 8 ಗಂಟೆಗೇ ಸ್ವಲ್ಪ ಸ್ವಲ್ಪವಾಗಿ ಏಳಿಸಿ. ಆಂಟಿವೈರಸ್ ಸ್ಕ್ಯಾನ್ ಯಾವ ಹೊತ್ತಿಗೆ ಇದೆ ಎಂದೂ ಒಮ್ಮೆ ನೋಡಿ. ಬೆಳಗ್ಗೆ 9ಕ್ಕೆ 150 ಯಂತ್ರಗಳು ಒಟ್ಟಿಗೆ ಡಿಸ್ಕ್ ಓದಲು ಹೊರಟರೆ ಯಾವ ಸ್ಟೋರೇಜೂ ತಡೆಯದು.

ಟೆಂಪರರಿ ಪ್ರೊಫೈಲ್ ವಿಷಯಕ್ಕೆ ಬರೋಣ. ಎಫ್‌ಎಸ್‌ಲಾಜಿಕ್ಸ್ ಪ್ರತಿಯೊಬ್ಬರ ಪ್ರೊಫೈಲನ್ನೂ ಒಂದು ವಿಎಚ್‌ಡಿಎಕ್ಸ್ (ವರ್ಚುವಲ್ ಡಿಸ್ಕ್) ಫೈಲಿನಲ್ಲಿ ಇಡುತ್ತದೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಆ ಫೈಲನ್ನು ಒಂದು ಹೊತ್ತಿಗೆ ಒಂದೇ ಯಂತ್ರ ಹಿಡಿಯಬಹುದು. ಬೇರೆ ಯಂತ್ರ ಆಗಲೇ ಹಿಡಿದಿದ್ದರೆ 5 ಸೆಕೆಂಡಿಗೊಮ್ಮೆ 12 ಸಲ ಪ್ರಯತ್ನಿಸಿ ಬಿಟ್ಟುಬಿಡುತ್ತದೆ. ಅಂದರೆ ಸುಮಾರು ಒಂದು ನಿಮಿಷ. ನಿಮ್ಮ ರಿಜಿಸ್ಟರ್‌ನಲ್ಲಿ ಒಂದು ನಿಮಿಷ ಕಾದು ಆಮೇಲೆ ಟೆಂಪರರಿ ಪ್ರೊಫೈಲ್ ಬಂತು ಎಂದಿದ್ದರೆ ಲಾಕ್ ಎಂದೇ ಮೊದಲು ಅನುಮಾನಿಸಿ. ಯಾರು ಹಿಡಿದಿರುತ್ತಾರೆ? ಅದೇ ವಿದ್ಯಾರ್ಥಿಯೇ. ನಿನ್ನೆ ಸಂಜೆ ಲಾಗಾಫ್ ಮಾಡದೆ ಥಿನ್ ಕ್ಲೈಂಟ್ (ಪರದೆ ಮಾತ್ರ ತೋರಿಸುವ ಚಿಕ್ಕ ಯಂತ್ರ) ಸ್ವಿಚ್ ಆರಿಸಿ ಬಸ್ ಹಿಡಿಯಲು ಓಡಿರುತ್ತಾನೆ. ಆ ಸೆಷನ್ ಇನ್ನೂ ಜೀವಂತ ಇದೆ. ಇವತ್ತು ಅದೇ ಪೂಲಿಗೆ ಬಂದರೆ ಹಳೆಯ ಸೆಷನ್ನೇ ಸಿಗುತ್ತದೆ, ತೊಂದರೆಯಿಲ್ಲ. ಬೇರೆ ಲ್ಯಾಬಿನ ಬೇರೆ ಪೂಲಿಗೆ ಹೋದರೆ ಲಾಕ್.

ಡಿಸ್ಕನೆಕ್ಟ್ ಆದ ಸೆಷನ್ ಎಷ್ಟು ಹೊತ್ತಿನ ಮೇಲೆ ತಾನಾಗಿ ಲಾಗಾಫ್ ಆಗಬೇಕು ಎಂಬ ಸೆಟ್ಟಿಂಗ್ ನಿಮ್ಮ ಪೂಲ್‌ನಲ್ಲಿ 'ನೆವರ್' ಇರಬಹುದು, ನೋಡಿ. ವಿದ್ಯಾರ್ಥಿಗಳ ಪೂಲಿಗೆ 30 ನಿಮಿಷದಿಂದ ಒಂದು ಗಂಟೆ ಸರಿ. 'ಇಮೀಡಿಯಟ್' ಬೇಡ. ಲ್ಯಾಬಿನ ಸ್ವಿಚ್ ಒಂದು ಸಲ ಮಿಣುಕಿದರೂ ಅರ್ಧ ಬರೆದ ಪ್ರೋಗ್ರಾಂ ಹೋಗುತ್ತದೆ, ಮಕ್ಕಳ ಎರಡು ಗಂಟೆಯ ಕೆಲಸ ಅದು. ಜೊತೆಗೆ 'ಪ್ರಿವೆಂಟ್ ಲಾಗಿನ್ ವಿತ್ ಫೇಲ್ಯೂರ್' ಮತ್ತು 'ಪ್ರಿವೆಂಟ್ ಲಾಗಿನ್ ವಿತ್ ಟೆಂಪ್ ಪ್ರೊಫೈಲ್' ಎಂಬ ಎರಡನ್ನೂ ಆನ್ ಮಾಡಿ. ಆಗ ಪ್ರೊಫೈಲ್ ಸಿಗದಿದ್ದರೆ ಒಳಗೆ ಬಿಡುವುದೇ ಇಲ್ಲ. ಕಠಿಣ ಅನ್ನಿಸಬಹುದು. ಆದರೆ ಟೆಂಪರರಿ ಪ್ರೊಫೈಲ್‌ನಲ್ಲಿ ಕೂತು ಪ್ರಾಜೆಕ್ಟ್ ರಿಪೋರ್ಟ್ ಬರೆದು, ಲಾಗಾಫ್ ಆದ ಮೇಲೆ ಕಳೆದುಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು.

ಲಾಕ್ ಬಿಡಿಸಲು ಫೈಲ್ ಸರ್ವರ್‌ನ ಓಪನ್ ಫೈಲ್ಸ್ ಪಟ್ಟಿಯಲ್ಲಿ ಆ ಫೈಲನ್ನು ಯಾವ ಯಂತ್ರ ಹಿಡಿದಿದೆ ಎಂದು ನೋಡಿ, ಆ ಸೆಷನ್ನನ್ನು ಲಾಗಾಫ್ ಮಾಡಿಸಿ. ಸೆಷನ್ ಜೀವಂತ ಇರುವಾಗ ಫೈಲ್ ಹ್ಯಾಂಡಲನ್ನು ಬಲವಂತವಾಗಿ ಮುಚ್ಚಬೇಡಿ. ವಿಎಚ್‌ಡಿಎಕ್ಸ್ ಕೆಡುವುದು ಹೀಗೇ. ಶೇರ್‌ನಲ್ಲಿ ಜಾಗ ಇದೆಯೇ ಎಂದೂ ನೋಡಿ. ಒಂದೊಂದು ಪ್ರೊಫೈಲ್ ಡೀಫಾಲ್ಟ್ ಆಗಿ 30 ಜಿಬಿವರೆಗೆ ಬೆಳೆಯಬಹುದು. ಶೇರ್ ತುಂಬಿದ ದಿನ ಎಲ್ಲರಿಗೂ ಒಟ್ಟಿಗೆ ತೊಂದರೆ. ಎಫ್‌ಎಸ್‌ಲಾಜಿಕ್ಸ್‌ನ 2210 ಆವೃತ್ತಿಯಿಂದ ಲಾಗಾಫ್ ಹೊತ್ತಿನಲ್ಲಿ ಡಿಸ್ಕ್ ಕುಗ್ಗಿಸುವ ವ್ಯವಸ್ಥೆ ಬಂದಿದೆ. ಅದಕ್ಕಿಂತ ಹಳೆಯದಿದ್ದರೆ ಅಪ್‌ಡೇಟ್ ಮಾಡಿ. ಆಂಟಿವೈರಸ್‌ನಲ್ಲಿ ವಿಎಚ್‌ಡಿ, ವಿಎಚ್‌ಡಿಎಕ್ಸ್ ಫೈಲ್‌ಗಳನ್ನು ಸ್ಕ್ಯಾನ್‌ನಿಂದ ಬಿಡಿಸಿ, ಡೆಸ್ಕ್‌ಟಾಪ್‌ನಲ್ಲೂ ಫೈಲ್ ಸರ್ವರ್‌ನಲ್ಲೂ.

ಕಪ್ಪು ಪರದೆಗೆ ಕಾರಣಗಳು ಹಲವು. ಪಾಸ್‌ವರ್ಡ್ ಒಪ್ಪಿಕೊಂಡು, ಕಪ್ಪು ಬಂದು, ಅರ್ಧ ನಿಮಿಷದೊಳಗೆ ಕಳಚಿಕೊಂಡರೆ ಅದು ಬಹುತೇಕ ಪೋರ್ಟ್ ವಿಷಯ. ಲಾಗಿನ್ 443ರಲ್ಲಿ ಆಗುತ್ತದೆ, ಪರದೆ ಬರುವುದು ಬೇರೆ ದಾರಿಯಲ್ಲಿ. ಪರದೆಯ ಪ್ರೊಟೋಕಾಲ್ ಬ್ಲಾಸ್ಟ್ ಆಗಿದ್ದು ನೇರವಾಗಿ ಡೆಸ್ಕ್‌ಟಾಪಿಗೆ ಹೋಗುವಾಗ 22443, ಪಿಸಿಒಐಪಿ ಆದರೆ 4172, ಟಿಸಿಪಿ ಮತ್ತು ಯುಡಿಪಿ ಎರಡೂ. ಒಂದು ಲ್ಯಾಬಿನ ವಿಲ್ಯಾನ್‌ಗೆ ಮಾತ್ರ ಫೈರ್‌ವಾಲ್‌ನಲ್ಲಿ ಇದು ಬಿಟ್ಟುಹೋಗಿದ್ದರೆ ಆ ಲ್ಯಾಬಿಗೆ ಮಾತ್ರ ಕಪ್ಪು. ಬದಲಿಗೆ ಎರಡು ಮೂರು ನಿಮಿಷ ಕಪ್ಪಾಗಿದ್ದು ಆಮೇಲೆ ಡೆಸ್ಕ್‌ಟಾಪ್ ಬಂದರೆ ಅದು ಒಳಗಿನ ಕೆಲಸ ನಿಧಾನವಾಗಿರುವುದು. ಮೇಲೆ ಹೇಳಿದ ಸ್ಟೋರೇಜ್, ಪ್ರೊಫೈಲ್, ಪಾಲಿಸಿಯ ಮಾತೇ. ಇಮೇಜ್‌ನಲ್ಲಿ ಯಾರೂ ಬಳಸದ ಸ್ಟೋರ್ ಆ್ಯಪ್‌ಗಳು ಉಳಿದಿದ್ದರೆ ತೆಗೆಯಿರಿ, ಮೊದಲ ಲಾಗಿನ್ ಹಗುರವಾಗುತ್ತದೆ.

ಕರೆಂಟ್ ಹೋಗಿ ಬಂದಾಗಿನ ತೊಂದರೆಯನ್ನು ನಾನು ಬಹಳ ಗಂಭೀರವಾಗಿ ನೋಡುತ್ತೇನೆ. ಮೈಸೂರಿನಲ್ಲಾಗಲಿ ಮಂಡ್ಯದಲ್ಲಾಗಲಿ ಮಳೆಗಾಲದಲ್ಲಿ ಇದು ತಪ್ಪಿದ್ದಲ್ಲ. ಎಲ್ಲವೂ ಒಟ್ಟಿಗೆ ಆನ್ ಆದಾಗ ಯಾವುದು ಮೊದಲು ಎದ್ದಿತು ಎನ್ನುವುದೇ ಮುಖ್ಯ. ಕ್ರಮ ಹೀಗಿರಲಿ: ನೆಟ್‌ವರ್ಕ್ ಸ್ವಿಚ್, ಸ್ಟೋರೇಜ್, ಹೋಸ್ಟ್, ಡೊಮೇನ್ ಕಂಟ್ರೋಲರ್ ಮತ್ತು ಡಿಎನ್‌ಎಸ್ (ಹೆಸರಿಗೆ ಐಪಿ ವಿಳಾಸ ಹೇಳುವ ಸರ್ವರ್), ಫೈಲ್ ಸರ್ವರ್, ವಿಸೆಂಟರ್, ಕನೆಕ್ಷನ್ ಸರ್ವರ್, ಕೊನೆಗೆ ಡೆಸ್ಕ್‌ಟಾಪ್‌ಗಳು. ಇದರಲ್ಲಿ ಒಂದು ಗಂಟು ಇದೆ. ಡಿಎನ್‌ಎಸ್ ಒಂದು ವರ್ಚುವಲ್ ಯಂತ್ರ, ಅದು ಕೂತಿರುವುದು ಹಂಚಿಕೊಂಡ ಸ್ಟೋರೇಜ್ ಮೇಲೆ, ಆ ಸ್ಟೋರೇಜನ್ನು ಹೋಸ್ಟ್ ಹುಡುಕುವುದು ಹೆಸರಿನಿಂದ. ಹೆಸರು ಹೇಳಬೇಕಾದ ಡಿಎನ್‌ಎಸ್ ಇನ್ನೂ ಎದ್ದಿಲ್ಲ. ಹೀಗಿದ್ದರೆ ಏನೂ ಏಳುವುದಿಲ್ಲ. ಒಂದು ಡೊಮೇನ್ ಕಂಟ್ರೋಲರನ್ನು ಹೋಸ್ಟಿನ ಸ್ವಂತ ಡಿಸ್ಕ್ ಮೇಲೆ ಅಥವಾ ಬೇರೆಯದೇ ಆದ ಚಿಕ್ಕ ಯಂತ್ರದಲ್ಲಿ ಇಡಿ. ಸ್ಟೋರೇಜನ್ನು ಐಪಿ ವಿಳಾಸದಿಂದ ಜೋಡಿಸಿ.

ಇನ್ನೊಂದು ಗಡಿಯಾರ. ಡೊಮೇನ್ ಲಾಗಿನ್ ಪರಿಶೀಲಿಸುವ ಕೆರ್ಬೆರೋಸ್ ಡೀಫಾಲ್ಟ್ ಆಗಿ 5 ನಿಮಿಷದವರೆಗಿನ ವ್ಯತ್ಯಾಸ ಮಾತ್ರ ಒಪ್ಪುತ್ತದೆ. ಹೋಸ್ಟಿನ ಸಿಮಾಸ್ ಬ್ಯಾಟರಿ ಸತ್ತಿದ್ದರೆ ಕರೆಂಟ್ ಬಂದಾಗ ಹೋಸ್ಟ್ ತಪ್ಪು ಸಮಯದಲ್ಲಿ ಏಳುತ್ತದೆ. ಅದರ ಮೇಲಿರುವ ಡೊಮೇನ್ ಕಂಟ್ರೋಲರ್ ಅದೇ ತಪ್ಪು ಸಮಯ ತೆಗೆದುಕೊಂಡು ಎಲ್ಲರಿಗೂ ಹಂಚುತ್ತದೆ. ಪಿಡಿಸಿ ಎಮ್ಯುಲೇಟರ್ (ಡೊಮೇನಿನ ಸಮಯದ ಮೂಲ) ಇರುವ ಡೊಮೇನ್ ಕಂಟ್ರೋಲರಿಗೆ ಹೊರಗಿನ ಎನ್‌ಟಿಪಿ (ಸರಿಯಾದ ಸಮಯ ಕೊಡುವ) ಸರ್ವರ್ ಕೊಡಿ, ಹೋಸ್ಟ್‌ಗಳಿಗೂ ಎನ್‌ಟಿಪಿ ಕೊಡಿ. ಹೋಸ್ಟಿನಿಂದ ಸಮಯ ತೆಗೆದುಕೊಳ್ಳುವುದನ್ನು ಆ ಡೊಮೇನ್ ಕಂಟ್ರೋಲರಿನಲ್ಲಿ ನಿಲ್ಲಿಸಿ.

'ಏಜೆಂಟ್ ಅನ್‌ರೀಚಬಲ್' ಎಂದರೆ ಡೆಸ್ಕ್‌ಟಾಪ್ ಮತ್ತು ಕನೆಕ್ಷನ್ ಸರ್ವರ್ ನಡುವೆ ಮಾತು ನಿಂತಿದೆ ಅಂತ ಅರ್ಥ. ವಿಸೆಂಟರ್ ಕನ್ಸೋಲಿನಿಂದ ಆ ಡೆಸ್ಕ್‌ಟಾಪಿಗೆ ಹೋಗಿ ಐಪಿ ನೋಡಿ. 169.254ರಿಂದ ಶುರುವಾಗಿದ್ದರೆ ಐಪಿ ಹಂಚುವ ಡಿಎಚ್‌ಸಿಪಿ ವಿಳಾಸ ಕೊಟ್ಟಿಲ್ಲ. ವಿಂಡೋಸ್ ಡಿಎಚ್‌ಸಿಪಿಯಲ್ಲಿ ಲೀಸ್ (ಒಂದು ವಿಳಾಸ ಇಟ್ಟುಕೊಳ್ಳುವ ಅವಧಿ) ಡೀಫಾಲ್ಟ್ ಆಗಿ 8 ದಿನ. 24 ಬಿಟ್ ಮಾಸ್ಕಿನ ಒಂದು ಜಾಲದಲ್ಲಿ ಒಟ್ಟು ಸಿಗುವುದೇ 254 ವಿಳಾಸ. ಕ್ಲೋನ್‌ಗಳು ಹೊಸ ಮ್ಯಾಕ್ ವಿಳಾಸದೊಂದಿಗೆ ಹುಟ್ಟುತ್ತಾ ಹೋದರೆ ಹಳೆಯವು ಹಿಡಿದ ವಿಳಾಸ 8 ದಿನ ಬಿಡುವುದಿಲ್ಲ. 150 ಡೆಸ್ಕ್‌ಟಾಪಿಗೆ 254 ಧಾರಾಳ ಎಂದು ಕಾಣುತ್ತದೆ, ಆದರೆ ಎರಡೇ ದಿನದಲ್ಲಿ ಮುಗಿಯಬಹುದು. ಲೀಸನ್ನು ಒಂದೆರಡು ಗಂಟೆಗೆ ಇಳಿಸಿ, ಜಾಲವನ್ನು ದೊಡ್ಡದು ಮಾಡಿ. ಡಿಎನ್‌ಎಸ್‌ನಲ್ಲಿ ಹಳೆಯ ದಾಖಲೆ ಗುಡಿಸುವ ಸ್ಕ್ಯಾವೆಂಜಿಂಗ್ ಆನ್ ಇರಲಿ. ಇಲ್ಲದಿದ್ದರೆ ಒಂದೇ ವಿಳಾಸಕ್ಕೆ ಮೂರು ಹೆಸರು ಉಳಿದುಕೊಳ್ಳುತ್ತವೆ. ಐಪಿ ಸರಿ ಇದ್ದರೆ ಸಮಯ, ಅದೂ ಸರಿ ಇದ್ದರೆ ಡೊಮೇನ್ ಜೊತೆಗಿನ ಟ್ರಸ್ಟ್ ನೋಡಿ. ಪವರ್‌ಶೆಲ್‌ನ ಟೆಸ್ಟ್-ಕಂಪ್ಯೂಟರ್‌ಸೆಕ್ಯೂರ್‌ಚಾನೆಲ್ ಒಂದೇ ಸಾಲಿನಲ್ಲಿ ಹೇಳುತ್ತದೆ.

ಇನ್ನು ನುಡಿ. ಇದು ಚಿಕ್ಕ ತೊಂದರೆ ಎಂದು ಬದಿಗೆ ಸರಿಸಬೇಡಿ. ಆಫೀಸಿನ ಸರ್ಟಿಫಿಕೇಟ್, ಸರ್ಕಾರಿ ಪತ್ರ ಎಲ್ಲ ಅದರ ಮೇಲೆ ನಿಂತಿದೆ. ನುಡಿಯನ್ನು ಡೆಸ್ಕ್‌ಟಾಪ್‌ನಲ್ಲಿ ಯಾರೋ ಹಾಕಿಕೊಂಡಿದ್ದರೆ ಲಾಗಾಫ್ ಆದಾಗ ಹೋಗಿಯೇ ಹೋಗುತ್ತದೆ. ಗೋಲ್ಡನ್ ಇಮೇಜಿನಲ್ಲೇ (ಕ್ಲೋನ್‌ಗಳೆಲ್ಲ ಹುಟ್ಟುವ ಮೂಲ ಯಂತ್ರ) ಹಾಕಬೇಕು, ಅದರ ಫಾಂಟ್‌ಗಳ ಸಮೇತ. ಹಳೆಯ ಕಡತಗಳು ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಇರುತ್ತವೆ. ಆ ಫಾಂಟ್ ಇಲ್ಲದಿದ್ದರೆ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಯೂನಿಕೋಡ್ ಕಡತದಲ್ಲೂ ಒಂದು ವಿಷಯವಿದೆ. ವಿಂಡೋಸ್ 10ರಿಂದ ತುಂಗಾ ಫಾಂಟ್ ಮೊದಲೇ ಇರುವುದಿಲ್ಲ. 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್' ಎಂಬ ಆಯ್ಕೆಯ ಭಾಗದಲ್ಲಿ ಬರುತ್ತದೆ. ಅದನ್ನೂ ಇಮೇಜಿನಲ್ಲಿ ಸೇರಿಸಿ. ಇಲ್ಲದಿದ್ದರೆ ನಿರ್ಮಲಾ ಫಾಂಟಿನಲ್ಲಿ ತೆರೆದುಕೊಂಡು ಪುಟದ ಅಳತೆ ಹಾಳಾಗುತ್ತದೆ. ಕನ್ನಡ ಕೀಬೋರ್ಡನ್ನು ಇಮೇಜಿನಲ್ಲಿ ಹಾಕಿದ ಮೇಲೆ ವೆಲ್‌ಕಮ್ ಸ್ಕ್ರೀನ್ ಮತ್ತು ಹೊಸ ಬಳಕೆದಾರರಿಗೆ ಆ ಸೆಟ್ಟಿಂಗ್ ನಕಲು ಮಾಡುವುದನ್ನು ಮರೆಯಬೇಡಿ. ನುಡಿ ಡೆಸ್ಕ್‌ಟಾಪ್ ಒಳಗೆ ಮಾತ್ರ ಓಡಲಿ. ಥಿನ್ ಕ್ಲೈಂಟ್ ಅಥವಾ ಹೊರಗಿನ ಪಿಸಿಯಲ್ಲೂ ಓಡುತ್ತಿದ್ದರೆ ಕೀಲಿಗಳು ಗೊಂದಲವಾಗುತ್ತವೆ. ಆರ್‌ಡಿಪಿಯಲ್ಲಿ (ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್) ಬರುವವರಿಗೆ ಹೊರಗಿನ ಕೀಬೋರ್ಡ್ ಒಳಗೆ ಬರದಂತೆ 'ಇಗ್ನೋರ್ ರಿಮೋಟ್ ಕೀಬೋರ್ಡ್ ಲೇಔಟ್' ಎಂಬ ರಿಜಿಸ್ಟ್ರಿ ಮೌಲ್ಯವನ್ನು 1 ಮಾಡಬಹುದು. ಇಷ್ಟೆಲ್ಲ ಮಾಡಿದ ಮೇಲೆ ಆಫೀಸಿನ ಟೈಪಿಸ್ಟ್ ಅವರನ್ನೇ ಕೂರಿಸಿ ಒಂದು ಪುಟ ಟೈಪ್ ಮಾಡಿಸಿ ನೋಡಿ.

ಗೋಲ್ಡನ್ ಇಮೇಜಿನ ಮಾತು ಬಂದಿದ್ದರಿಂದ, ನಿರ್ವಹಣೆಯ ಮುಖ್ಯ ಶಿಸ್ತು ಅಲ್ಲೇ ಇದೆ. ಮೈಕ್ರೋಸಾಫ್ಟ್ ಪ್ಯಾಚ್‌ಗಳು ತಿಂಗಳ ಎರಡನೇ ಮಂಗಳವಾರ ಬರುತ್ತವೆ. ಅದೇ ವಾರ ಇಮೇಜಿಗೆ ಹಾಕಿ, ಸ್ನ್ಯಾಪ್‌ಶಾಟ್ ತೆಗೆದು ಅದಕ್ಕೆ ದಿನಾಂಕ ಮತ್ತು ಏನು ಬದಲಾಯಿತು ಎಂದು ಹೆಸರಿಡಿ. ನಾಲ್ಕೈದು ಜನರ ಒಂದು ಪರೀಕ್ಷಾ ಪೂಲಿಗೆ ಕೊಟ್ಟು ಒಂದು ವಾರ ಬಳಸಲು ಬಿಡಿ. ಆ ನಾಲ್ಕೈದು ಜನರಲ್ಲಿ ಒಬ್ಬರು ಆಫೀಸಿನವರು, ಒಬ್ಬರು ಲ್ಯಾಬಿನವರು ಇರಲಿ. ಆಮೇಲೆ ಶನಿವಾರ ಸಂಜೆ ಎಲ್ಲರಿಗೂ ತಳ್ಳಿ. ಹಿಂದಿನ ಸ್ನ್ಯಾಪ್‌ಶಾಟನ್ನು ಉಳಿಸಿಕೊಳ್ಳಿ, ಸೋಮವಾರ ತೊಂದರೆಯಾದರೆ ಹಿಂದಕ್ಕೆ ಹೋಗಲು. ಏಜೆಂಟ್ ಹಾಕುವ ಕ್ರಮವೂ ಮುಖ್ಯ: ಮೊದಲು ವಿಎಂವೇರ್ ಟೂಲ್ಸ್, ಆಮೇಲೆ ಹಾರೈಜನ್ ಏಜೆಂಟ್. ಉಲ್ಟಾ ಆದರೆ ಪರದೆಯ ತೊಂದರೆಗಳು ಬರುತ್ತವೆ. ಕ್ಲೋನ್‌ಗಳಲ್ಲಿ ವಿಂಡೋಸ್ ಅಪ್‌ಡೇಟ್ ತಾನಾಗಿ ಓಡಬಾರದು. ಅಪ್‌ಡೇಟ್ ಆಗುವುದು ಇಮೇಜಿನಲ್ಲಿ ಮಾತ್ರ. ನಿಮ್ಮ ಇಮೇಜ್ ಇನ್ನೂ ವಿಂಡೋಸ್ 10 ಆಗಿದ್ದರೆ, ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ವರ್ಚುವಲ್ ಟಿಪಿಎಂ (ಭದ್ರತಾ ಚಿಪ್) ಬೇಕು, ಅದಕ್ಕೆ ವಿಸೆಂಟರ್‌ನಲ್ಲಿ ಕೀ ಪ್ರೊವೈಡರ್ ಬೇಕು. ಇದನ್ನು ಈಗಲೇ ಯೋಜನೆಗೆ ಸೇರಿಸಿ.

ಒಂದು ಎಚ್ಚರಿಕೆ. ವಿಸೆಂಟರ್‌ನಲ್ಲಿ ಸಿಪಿ-ಟೆಂಪ್ಲೇಟ್, ಸಿಪಿ-ರೆಪ್ಲಿಕಾ, ಸಿಪಿ-ಪೇರೆಂಟ್ ಎಂದು ಶುರುವಾಗುವ ಯಂತ್ರಗಳನ್ನು ನೋಡಿ 'ಇವು ಯಾರವು' ಎಂದು ಕೈಯಿಂದ ಅಳಿಸಬೇಡಿ. ಇನ್‌ಸ್ಟಂಟ್ ಕ್ಲೋನ್ ನಿಂತಿರುವುದೇ ಅವುಗಳ ಮೇಲೆ. ಡೆಸ್ಕ್‌ಟಾಪ್ ಅಳಿಸುವುದಿದ್ದರೂ ಹಾರೈಜನ್ ಕನ್ಸೋಲಿನಿಂದ ಅಳಿಸಿ. ಕನೆಕ್ಷನ್ ಸರ್ವರ್ ಒಂದಕ್ಕಿಂತ ಜಾಸ್ತಿ ಇದ್ದರೆ ಅವುಗಳಲ್ಲಿ ಒಂದನ್ನು ಹಳೆಯ ಸ್ನ್ಯಾಪ್‌ಶಾಟಿಗೆ ಹಿಂತಿರುಗಿಸಬೇಡಿ, ಅವುಗಳ ಒಳಗಿನ ಡೈರೆಕ್ಟರಿ ಒಂದಕ್ಕೊಂದು ಹೊಂದದೆ ಹೋಗುತ್ತದೆ. ಅದು ತಾನೇ ತೆಗೆಯುವ ಬ್ಯಾಕಪ್ ಫೈಲನ್ನು ಬೇರೆ ಜಾಗಕ್ಕೆ ನಕಲು ಮಾಡಿಡಿ.

ಸರ್ವರ್‌ನ ಗುರುತು ಸಾಬೀತು ಮಾಡುವ ಟಿಎಲ್‌ಎಸ್ ಸರ್ಟಿಫಿಕೇಟ್ ವಿಷಯ ಇನ್ನು ಮೇಲೆ ವರ್ಷಕ್ಕೊಮ್ಮೆಯ ಕೆಲಸವಲ್ಲ. ಸಾರ್ವಜನಿಕ ಟಿಎಲ್‌ಎಸ್ ಸರ್ಟಿಫಿಕೇಟ್‌ಗಳ ಗರಿಷ್ಠ ಅವಧಿ 398 ದಿನ ಇತ್ತು. 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ ಎಂದು ನಿಗದಿಯಾಗಿದೆ. ಕೈಯಿಂದ ಬದಲಾಯಿಸುವ ರೂಢಿ ಇದ್ದರೆ ಸ್ಕ್ರಿಪ್ಟಿಗೆ ಬದಲಾಯಿಸಿಕೊಳ್ಳಿ. ಕನೆಕ್ಷನ್ ಸರ್ವರ್‌ನಲ್ಲಿ ಹೊಸ ಸರ್ಟಿಫಿಕೇಟಿನ ಫ್ರೆಂಡ್ಲಿ ನೇಮ್ 'ವಿಡಿಎಂ' ಎಂದೇ ಇರಬೇಕು, ಇಂಗ್ಲಿಷಿನ ಚಿಕ್ಕ ಅಕ್ಷರಗಳಲ್ಲಿ. ಹಳೆಯದರ ಹೆಸರು ಬದಲಿಸಿ, ಆಮೇಲೆ ಸರ್ವಿಸ್ ರೀಸ್ಟಾರ್ಟ್ ಮಾಡಿ.

ಈಗ ಸರ್ವರ್ ಖರೀದಿ. ಒಂದು ವಾರದ ಅಂಕಿಗಳು ಕೈಯಲ್ಲಿದ್ದರೆ ನಿರ್ಧಾರ ಸುಲಭ. ಡಿಎವಿಜಿ ಬೆಳಗ್ಗೆ ಏರುತ್ತಿದ್ದರೆ ಆ ದುಡ್ಡನ್ನು ಸ್ಟೋರೇಜಿಗೆ, ಅದರಲ್ಲೂ ಫ್ಲ್ಯಾಶ್ ಡಿಸ್ಕಿಗೆ ಹಾಕಿ. ಪ್ರೊಫೈಲ್ ಶೇರ್ ಮಾತ್ರ ನಿಧಾನ ಇದ್ದರೆ ಅದನ್ನು ಡೆಸ್ಕ್‌ಟಾಪ್‌ಗಳ ಡಿಸ್ಕಿನಿಂದ ಬೇರೆ ಮಾಡುವುದೇ ಸಾಕಾಗಬಹುದು. ಸಿಪಿಯು ರೆಡಿ ನಿಜವಾಗಿ ಶೇ. 5 ದಾಟಿ, ವಿಸಿಪಿಯು 2ಕ್ಕೆ ಇಳಿಸಿದ ಮೇಲೂ ಹಾಗೇ ಇದ್ದರೆ ಮ್ಯಾನೇಜ್‌ಮೆಂಟ್ ಹೇಳಿದ್ದು ಸರಿ, ನಾಲ್ಕನೇ ಹೋಸ್ಟ್ ಬೇಕು. ಒಂದು ಹೋಸ್ಟ್ ಕೆಟ್ಟ ದಿನ ಉಳಿದ ಎರಡು 150 ಜನರನ್ನು ಹೊರುತ್ತವೆಯೇ ಎಂಬ ಲೆಕ್ಕವನ್ನೂ ಅದೇ ಟಿಪ್ಪಣಿಯಲ್ಲಿ ಬರೆಯಿರಿ. ಪ್ರಿನ್ಸಿಪಾಲರಿಗೆ ತಾಂತ್ರಿಕ ಪದಗಳು ಬೇಡ. ಬೆಳಗ್ಗೆ ಮತ್ತು ಮಧ್ಯಾಹ್ನದ ಎರಡು ಗೆರೆ ಇರುವ ಒಂದು ಗ್ರಾಫ್ ಕೊಡಿ.

ದೊಡ್ಡ ಬದಲಾವಣೆಗಳನ್ನು ದಸರಾ ರಜೆಗೆ ಇಟ್ಟುಕೊಳ್ಳಿ: ವಿಂಡೋಸ್ 11 ಇಮೇಜ್, ಪ್ರೊಫೈಲ್ ಶೇರ್ ಸ್ಥಳಾಂತರ, ಡಿಎಚ್‌ಸಿಪಿ ಜಾಲ ದೊಡ್ಡದು ಮಾಡುವುದು. ಆ ರಜೆಯಲ್ಲೇ ಒಂದು ದಿನ ಇಡೀ ಸರ್ವರ್ ರೂಮನ್ನು ಕ್ರಮವಾಗಿ ಆರಿಸಿ, ಮತ್ತೆ ಏಳಿಸಿ ನೋಡಿ. ಏಳಿಸುವ ಕ್ರಮವನ್ನು ಕನ್ನಡದಲ್ಲೇ ಬರೆದು ರೂಮಿನ ಬಾಗಿಲಿಗೆ ಅಂಟಿಸಿ, ಆ ದಿನ ನೀವು ಮುಟ್ಟದೆ ನಿಮ್ಮ ಸಹೋದ್ಯೋಗಿಯಿಂದ ಮಾಡಿಸಿ. ಅವರು ಎಲ್ಲಿ ನಿಂತು ನಿಮ್ಮನ್ನು ಕೇಳುತ್ತಾರೋ ಅಲ್ಲಿ ಆ ಹಾಳೆಯಲ್ಲಿ ಇನ್ನೊಂದು ಸಾಲು ಸೇರಿಸಿ.